ಆರು ತಿಂಗಳ ನಂತರ ರೋಗಿ ಆರಾಮ

ಸೋಮವಾರ ಬೆಳಗ್ಗೆ ಹತ್ತೂವರೆಗೆ ಇಸ್ತ್ರಿ ಅಂಗಡಿಯ ಹೆಂಗಸು ಠಾಣೆಗೆ ಬಂದು, ಗಂಡ ಕಾಣೆಯಾಗಿದ್ದಾನೆಂದು ದೂರು ಕೊಟ್ಟಳು. ಹೆಡ್ ಕಾನ್‌ಸ್ಟೇಬಲ್ ಅರ್ಜಿಯನ್ನು ಓದದೆಯೇ ಮೊಹರು ಒತ್ತಿ ಇನ್ಸ್‌ಪೆಕ್ಟರರ ಮೇಜಿಗೆ ತಳ್ಳಿದ. ಇನ್ಸ್‌ಪೆಕ್ಟರ್ ಓದಿದರು. ಅರ್ಜಿಯ ಜೊತೆ ಗಂಡನ ಮರಣ ಪ್ರಮಾಣಪತ್ರವೂ ಇತ್ತು.

“ಏನಮ್ಮಾ ಇದು? ತೀರ್ಕೊಂಡೋರನ್ನ ಎಲ್ಲಿ ಅಂತ ಹುಡುಕೋದು?”

“ಆಸ್ಪತ್ರೆ ಗೋಡೆ ಮೇಲೆ ಬದುಕಿದಾರೆ ಸಾರ್. ಆಪರೇಷನ್ ಆಗಿ ಆರು ತಿಂಗಳಾದ್ಮೇಲೂ ಆರಾಮಾಗಿ ಓಡಾಡ್ತಿದ್ರಂತೆ. ಹಾಗಾದ್ರೆ ಮನೆಗ್ಯಾಕೆ ಬರ್ಲಿಲ್ಲ? ಹುಡುಕ್ಕೊಡಿ.”

ಹೆಡ್ ಕಾನ್‌ಸ್ಟೇಬಲ್ ಅವಳ ಬೆನ್ನ ಹಿಂದೆ ನಿಂತು, ತಲೆ ಕೆಟ್ಟಿದೆ ಎಂದು ಸನ್ನೆ ಮಾಡಿದ. ಇನ್ಸ್‌ಪೆಕ್ಟರ್ ಅವನನ್ನು ಕಣ್ಣಲ್ಲೇ ಗದರಿಸಿ, ಹೆಂಗಸಿಗೆ ಕುರ್ಚಿ ತೋರಿಸಿದರು.

ನಾದಿನಿಗೆ ಹುಷಾರಿಲ್ಲವೆಂದು ಅವಳು ಹಿಂದಿನ ದಿನ, ಗಂಡ ತೀರಿಕೊಂಡಿದ್ದ ಆಸ್ಪತ್ರೆಗೇ ಹೋಗಿದ್ದಳು. ಶಸ್ತ್ರಚಿಕಿತ್ಸಾ ವಿಭಾಗದ ಗೋಡೆಯಲ್ಲಿ, ವೈದ್ಯರ ಪತ್ರಿಕೆಯೊಂದರಲ್ಲಿ ಅಚ್ಚಾದ ವರದಿಗೆ ಚೌಕಟ್ಟು ಹಾಕಿ ತೂಗುಹಾಕಿದ್ದರು. ಮಧ್ಯದಲ್ಲಿ ರೋಗಿಯ ಹೊಟ್ಟೆಯ ಚಿತ್ರ. ಹೊಕ್ಕುಳಿನ ಪಕ್ಕ ಇಸ್ತ್ರಿಪೆಟ್ಟಿಗೆಯ ಮೂತಿಯ ಆಕಾರದ ಸುಟ್ಟ ಕಲೆ.

“ಕೆಲ್ಸ ಕಲಿಯೋವಾಗ ಸುಟ್ಕೊಂಡಿದ್ದು. ಇಷ್ಟು ವರ್ಷ ಸಂಸಾರ ಮಾಡಿದೀನಿ, ಕಟ್ಕೊಂಡ ಗಂಡನ ಹೊಟ್ಟೆ ಗೊತ್ತಾಗಲ್ವಾ ಸಾರ್?” ಎಂದಳು. ನಗಲು ಹೋಗಿ ಅತ್ತಳು. ವರದಿಯ ಕೊನೆಯಲ್ಲಿದ್ದ, ಆರು ತಿಂಗಳ ನಂತರ ರೋಗಿ ಆರಾಮ ಎಂಬ ಸಾಲನ್ನು ನಾದಿನಿ ಓದಿ ಹೇಳಿದ್ದಳು.

ಸುಳ್ಳು ದಾಖಲೆಯ ಶಂಕೆಯ ಮೇಲೆ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಮೂರಕ್ಕೆ ಆಸ್ಪತ್ರೆಯಲ್ಲಿ ಪಂಚನಾಮೆ ಮಾಡಿ ಚೌಕಟ್ಟನ್ನು ಕೆಳಗಿಳಿಸಿದರು. ಅದರಡಿಯ ಬೆಂಚಿನಲ್ಲಿ ಕೂತಿದ್ದ ಬಸ್ ಡ್ರೈವರ್ ಗಾಬರಿಯಾದ.

“ಯಾಕ್ ಸಾರ್ ತೆಗೀತೀರಾ? ಬುಧವಾರ ನಂಗೂ ಇದೇ ಆಪರೇಷನ್. ಮಗಳು ಇದನ್ನ ಓದಿ ಹೇಳಿದ್ಮೇಲೇ ನಾನು ಒಪ್ಕೊಂಡಿದ್ದು.”

ಇನ್ಸ್‌ಪೆಕ್ಟರ್ ಚೌಕಟ್ಟನ್ನು ಕಂಕುಳಿಗಿಟ್ಟುಕೊಂಡರು. ನೇರವಾಗಿ, ಆ ವರದಿಗೆ ಹೆಸರು ಹಾಕಿದ್ದ ದೊಡ್ಡ ಡಾಕ್ಟರ ಕೋಣೆಗೆ ನಡೆದರು.

“ಈ ರೋಗಿ ಏನಾದ್ರು?”

“ಮೂರನೇ ದಿನ ತೀರ್ಕೊಂಡ್ರು.”

“ಆರು ತಿಂಗಳಾದ್ಮೇಲೆ ಓಡಾಡ್ತಿದ್ದೋರು ಯಾರು?”

ಡಾಕ್ಟರು ಹಣೆ ಚಚ್ಚಿಕೊಂಡರು. “ಅಯ್ಯೋ, ಅದು ಎಐ ಮಾಡಿದ ಎಡವಟ್ಟು. ಬರೆಯೋಕೆ ನಂಗೆಲ್ಲಿ ಪುರುಸೊತ್ತು? ಇಂಥ ವರದಿ ಕೊನೇಲಿ ಹಾಗೆ ಬರೆಯೋದು ವಾಡಿಕೆ, ಅದೂ ಬರೆದುಬಿಟ್ಟಿದೆ. ನಾನು ಓದಿ ನೋಡ್ಲಿಲ್ಲ.”

“ಎಐ ಬಳಸಿಲ್ಲ ಅಂತ ಪತ್ರಿಕೆಗೆ ರುಜು ಹಾಕಿ ಕೊಟ್ಟಿದೀರಿ. ಇಲ್ಲೇ ಕೆಳಗೆ ಅಚ್ಚಾಗಿದೆ.”

“ಅದೊಂದು ನನ್ನ ತಪ್ಪು. ಇವತ್ತೇ ತಿದ್ದುಪಡಿ ಕಳಿಸ್ತೀನಿ, ಆಯ್ತಾ? ಬೇಕಾದ್ರೆ ಕಂಪ್ಯೂಟರಿಗೆ ಬೇಡಿ ಹಾಕ್ಕೊಂಡ್ಹೋಗಿ.”

“ಬುಧವಾರದ ಆಪರೇಷನ್?”

“ಅದಕ್ಕೂ ಇದಕ್ಕೂ ಏನು ಸಂಬಂಧ?”

ಆಪರೇಷನ್ ತಡೆಯಿರೆಂದು ಕೇಳಿದಾಗ ಜಿಲ್ಲಾ ಆರೋಗ್ಯಾಧಿಕಾರಿಯೂ ಕೈಚೆಲ್ಲಿದರು. ಅಚ್ಚಿನ ತಪ್ಪಿಗಾಗಿ ಆಪರೇಷನ್ ನಿಲ್ಲಿಸಲು ಬರುವುದಿಲ್ಲ, ಬೇಕೆಂದೇ ಸಾವು ಮುಚ್ಚಿಟ್ಟಿದ್ದರೆ ತೋರಿಸಿ ಎಂದರು. ಒಂದು ಸಾವು ಅವರ ನಾಲಿಗೆಯಲ್ಲಿ ಅಚ್ಚಿನ ತಪ್ಪಾಗಿತ್ತು. ಇನ್ಸ್‌ಪೆಕ್ಟರರ ಕೈಯಲ್ಲಿ ಉಳಿದದ್ದು ಮಂಗಳವಾರ ಒಂದೇ.

ಅಂದು ವೈದ್ಯರ ಪತ್ರಿಕೆಯ ಸಂಪಾದಕರು ಫೋನಿಗೆ ಸಿಕ್ಕಿದಾಗ ಸಂಜೆಯಾಗಿತ್ತು.

“ಹೌದು, ತಿದ್ದುಪಡಿ ಬಂದಿದೆ. ಎಐ ಬಳಸಿದ್ರೆ ಯಾವುದು, ಅದನ್ನ ಏನು ಕೇಳಿದ್ರಿ, ಅದು ಏನು ಹೇಳ್ತು, ಯಾರು ಪರೀಕ್ಷಿಸಿದ್ರು, ಎಲ್ಲಾ ಲಗತ್ತಿಸ್ಬೇಕು ಅಂತ ನಮ್ಮ ನಿಯಮ. ಎಲ್ಲಾ ಲಗತ್ತಿಸಿದಾರೆ.”

“ಓದಿದ್ರಾ?”

“ಇನ್ನೂ ಇಲ್ಲ. ನಿಮ್ಗೂ ಕಳಿಸ್ತೀನಿ.”

ಕಳಿಸಿದ ಡಾಕ್ಟರೂ ಓದಿರಲಿಲ್ಲ. ನಿಯಮದಲ್ಲಿ ಇರುವುದನ್ನೆಲ್ಲ ಕಳಿಸು ಎಂದು ಸಹಾಯಕನಿಗೆ ಹೇಳಿ, ಎಂದಿನಂತೆ ರುಜು ಗೀಚಿದ್ದರು. ತಪ್ಪನ್ನು ಯಂತ್ರದ ತಲೆಗೆ ಕಟ್ಟುವ ಅವಸರದಲ್ಲಿ, ಯಂತ್ರದೊಡನೆ ತಾವು ಆಡಿದ್ದ ಮಾತನ್ನೆಲ್ಲ ತಾವೇ ಒಪ್ಪಿಸಿದ್ದರು.

ಇನ್ಸ್‌ಪೆಕ್ಟರ್ ಕೂತು ಪ್ರತಿ ಸಾಲನ್ನೂ ಓದಿದರು. ಡಾಕ್ಟರು ಮೊದಲು ನಿಜವನ್ನೇ ಹೇಳಿದ್ದರು: ತಮ್ಮದೇ ಹೊಸ ವಿಧಾನ, ಒಳಗಿನ ಹೊಲಿಗೆ ಬಿಟ್ಟುಕೊಂಡಿತು, ಮೂರನೇ ದಿನ ರೋಗಿ ತೀರಿಕೊಂಡ. ಯಂತ್ರ ಅದನ್ನು ಹಾಗೆಯೇ ಬರೆದು, ಈ ವಿಧಾನವನ್ನು ಮತ್ತೆ ಬಳಸುವ ಮುನ್ನ ಮರುಪರಿಶೀಲನೆ ಆಗಬೇಕೆಂದು ಸೇರಿಸಿತ್ತು. ಇದು ಬೇಡ, ಆರು ತಿಂಗಳ ನಂತರ ರೋಗಿ ಆರಾಮ ಎಂದು ಬರೆ ಎಂದಿದ್ದರು ಡಾಕ್ಟರು. ರೋಗಿ ತೀರಿಕೊಂಡರೆಂದು ಈಗಷ್ಟೇ ಹೇಳಿದಿರಿ, ಯಾವುದು ಸರಿ ಎಂದು ಯಂತ್ರ ಕೇಳಿತ್ತು. ತೀರಿಕೊಂಡವನು ಬೇರೆ, ಇವನು ಬದುಕಿದ್ದಾನೆ ಎಂದು ಡಾಕ್ಟರು ಉತ್ತರಿಸಿದ್ದರು. ಯಂತ್ರ ನಂಬಿತ್ತು.

“ಅದರ ಕಣ್ಣಿಗೂ ಮಣ್ಣೆರಚಿದಾನಲ್ಲ ಸಾರ್!” ಎಂದ ಹೆಡ್ ಕಾನ್‌ಸ್ಟೇಬಲ್.

“ಅದಾದ್ರೂ ಒಂದ್ಸಲ ಕೇಳ್ತಲ್ಲಯ್ಯಾ. ಮನುಷ್ಯರು ಯಾರೂ ಕೇಳ್ಲಿಲ್ಲ.”

ಬುಧವಾರ ಬೆಳಗ್ಗೆ, ಆರೋಗ್ಯಾಧಿಕಾರಿಯ ತಡೆ ಆದೇಶದೊಂದಿಗೆ, ಶಸ್ತ್ರಚಿಕಿತ್ಸಾ ಕೋಣೆಯ ಬಾಗಿಲಲ್ಲೇ ದೊಡ್ಡ ಡಾಕ್ಟರನ್ನು ಬಂಧಿಸಿದರು. ವಂಚನೆ ಮತ್ತು ಸುಳ್ಳು ದಾಖಲೆಯ ಆರೋಪ. ಸಾವಿನ ಹೊಣೆಯ ಪ್ರಶ್ನೆ ವೈದ್ಯಕೀಯ ಮಂಡಳಿಗೆ ಹೋಯಿತು. ಸ್ಟ್ರೆಚರ್ ಮೇಲಿದ್ದ ಡ್ರೈವರ್ ಸಿಟ್ಟಾದ.

“ಅವ್ರನ್ನ ಕರ್ಕೊಂಡ್ಹೋದ್ರೆ ನನ್ನ ಹೊಟ್ಟೆ ಯಾರು ನೋಡ್ತಾರೆ?”

“ಬೇರೆ ಡಾಕ್ಟ್ರು ನೋಡ್ತಾರೆ. ನೀನು ಬದುಕಿರು ಮಾರಾಯಾ.”

ಜೀಪಿನಲ್ಲಿ ಇನ್ಸ್‌ಪೆಕ್ಟರ್ ಕೇಳಿದ್ದು ಒಂದೇ ಪ್ರಶ್ನೆ: ಯಾಕೆ?

“ಆ ವಿಧಾನಕ್ಕೆ ನನ್ನ ಹೆಸರಿಡೋರಿದ್ರು,” ಎಂದರು ಡಾಕ್ಟರು. “ಸತ್ತೋನ ವರದಿ ಯಾರ್ರೀ ಹಾಕ್ತಾರೆ?”

ಹಾಕುತ್ತಿದ್ದರು. ಸೋತ ಶಸ್ತ್ರಚಿಕಿತ್ಸೆಗಳ ವರದಿಗಾಗಿಯೇ ಕಾದಿರುತ್ತೇವೆ, ಯಾರೂ ಕಳಿಸುವುದಿಲ್ಲ ಎಂದು ಸಂಪಾದಕರೇ ಹೇಳಿದ್ದರು.

ಸಂಜೆ ಇಸ್ತ್ರಿ ಅಂಗಡಿಯವಳು ಬಂದಳು. ಪತ್ರಿಕೆಯವರು ಆ ವರದಿಯನ್ನು ತೆಗೆದುಹಾಕಿದ್ದಾರೆಂದು ಇನ್ಸ್‌ಪೆಕ್ಟರ್ ತಿಳಿಸಿದರು.

“ಅವ್ರು ಸತ್ತಿದ್ದು ಹಾಕ್ತಾರಾ?”

“ಇಲ್ಲಮ್ಮ. ಅದನ್ನ ಯಾರೂ ಬರೆದು ಕಳಿಸಿಲ್ಲ. ಬರೀ ತೆಗೆದಿದಾರೆ.”

“ಅಂದ್ರೆ ಅಲ್ಲಿ ಅವ್ರೀಗ ಬದುಕೂ ಇಲ್ಲ, ಸತ್ತೂ ಇಲ್ಲ.”

ಇನ್ಸ್‌ಪೆಕ್ಟರಿಗೆ ನಾಚಿಕೆಯಾಯಿತು, ಯಾರ ಪರವಾಗಿ ಎಂದು ಗೊತ್ತಾಗಲಿಲ್ಲ. ಪ್ರಕರಣದ ಕಡತ ತೆರೆದು, ತಾವೇ ಬರೆದಿದ್ದ ಸಾಲನ್ನು ಗಟ್ಟಿಯಾಗಿ ಓದಿದರು: ದೂರುದಾರಳ ಗಂಡ ಸದರಿ ಶಸ್ತ್ರಚಿಕಿತ್ಸೆಯ ಮೂರನೇ ದಿನ, ಒಳಗಿನ ಹೊಲಿಗೆ ಬಿಟ್ಟುಕೊಂಡು ಮೃತಪಟ್ಟಿರುತ್ತಾರೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

“ಇನ್ನೊಂದ್ಸಲ ಓದಿ ಸಾರ್,” ಎಂದಳು.