ಒಂದೇ ಮನೆಯ ಎರಡು ಜ್ವರ

"ಮುಟ್ಬೇಡಿ ನನ್ನ! ದೂರ ಹೋಗಿ… ನಿಮ್ಗೆ ಕೈ ಮುಗೀತೀನಿ!"

ಕೆಂಗಲ್ ಆಂಜನೇಯನ ಗುಡಿಯ ಎದುರಿಗೇ ಗೂಡ್ಸ್ ಆಟೋ ಮಗುಚಿ ಬಿದ್ದಿತ್ತು. ಬೊಂಬೆ ಮಾಡುವ ಮರದ ತುಂಡುಗಳು ರಸ್ತೆ ತುಂಬ ಚೆಲ್ಲಾಡಿದ್ದವು. ಡ್ರೈವರ್ ಮಧುಕುಮಾರನ ಮೊಣಕೈಯಿಂದ ರಕ್ತ ಸುರಿಯುತ್ತಿತ್ತು. ಬಸ್ಸಿಗೆ ಕಾಯುತ್ತಿದ್ದ ಸಿಂಧು ಓಡಿ ಬಂದವಳೇ ತನ್ನ ವೇಲನ್ನು ಅವನ ಗಾಯಕ್ಕೆ ಒತ್ತಿ ಹಿಡಿದಿದ್ದಳು.

'ಎಷ್ಟು ಜಂಬ ಇವನಿಗೆ!'

"ಸುಮ್ನಿರ್ರೀ! ರಕ್ತ ಹಿಂಗೆ ಹೋಯ್ತಾ ಐತೆ, ಮುಟ್ಬೇಡಿ ಅಂತೆ!" ಎಂದು ಗದರಿ ಇನ್ನೂ ಬಿಗಿಯಾಗಿ ಕಟ್ಟಿದಳು.

ಅವನ ಕಣ್ಣು ಅವಳ ಹೆಬ್ಬೆರಳಿನ ಮೇಲೇ ಇತ್ತು. ಅವಳು ಕೆಲಸ ಮಾಡುವ ಚನ್ನಪಟ್ಟಣದ ಬೊಂಬೆ ಕಾರ್ಖಾನೆಯಲ್ಲಿ ಬೆಳಿಗ್ಗೆ ಉಳಿ ಜಾರಿ ಕೊಯ್ದುಕೊಂಡ ಹಸಿ ಗಾಯ. ಅದಕ್ಕೀಗ ಅವನ ರಕ್ತ ಮೆತ್ತಿತ್ತು.

ಜನ ಸೇರುವ ಮುಂಚೆ, ಅವಳಿಗೆ ಮಾತ್ರ ಕೇಳುವಂತೆ ಅವನು ಹೇಳಿದ. "ನಂಗೆ ಎಚ್‌ಐವಿ ಐತೆ ಮೇಡಂ. ಹುಟ್ಟಿದಾಗ್ಲಿಂದ… ನಮ್ಮವ್ವನಿಂದ ಬಂದಿದ್ದು. ಈಗ್ಲೇ ಕೈ ತೊಳ್ಕೊಳಿ. ಆಸ್ಪತ್ರೆಗೆ ಹೋಗ್ಬೇಕು, ಇವತ್ತೇ!"

ಹೆದ್ದಾರಿಯ ಸದ್ದೆಲ್ಲ ಒಮ್ಮೆಲೇ ನಿಂತುಹೋದಂತಾಯಿತು ಸಿಂಧುವಿಗೆ.

ಆಸ್ಪತ್ರೆಯಲ್ಲಿ ತನ್ನ ಕೈಗೆ ಹೊಲಿಗೆ ಹಾಕಿಸಿಕೊಳ್ಳುವ ಮೊದಲೇ ಅವನು ಅವಳನ್ನು ಡಾಕ್ಟರಮ್ಮನ ಮುಂದೆ ಕೂರಿಸಿದ್ದ.

"ಇವರು ಒಂದು ದಿನವೂ ತಪ್ಪಿಸದೆ ಮಾತ್ರೆ ತಗೋತಾರೆ. ರಕ್ತದಲ್ಲಿ ವೈರಸ್ಸು ಟೆಸ್ಟಿಗೂ ಸಿಗದಷ್ಟು ಕಮ್ಮಿ ಇದೆ. ನಿಮಗೆ ಅಂಟೋ ಸಾಧ್ಯತೆ ತೀರಾ ಕಡಿಮೆ," ಎಂದರು ಡಾಕ್ಟರಮ್ಮ. "ಆದ್ರೂ ಮುನ್ನೆಚ್ಚರಿಕೆಗೆ ಇಪ್ಪತ್ತೆಂಟು ದಿನ ಮಾತ್ರೆ ತಗೊಳ್ಳಿ."

ತೀರಾ ಕಡಿಮೆ… ಅಂದರೆ ಇಲ್ಲವೇ ಇಲ್ಲ ಅಂತಲ್ಲವಲ್ಲ!

ಮರುದಿನದಿಂದ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಮಧುವಿನ ಫೋನು ಬರತೊಡಗಿತು.

"ಮಾತ್ರೆ ಆಯ್ತಾ?"

"ಆಯ್ತು. ನಿಮ್ದು?"

"ನಂದೂ ಆಯ್ತು. ತಿಂಡಿ ಏನು?"

"ಮುದ್ದೆ."

"ಬೆಳಿಗ್ಗೇನೇ?"

"ರಾತ್ರಿ ಮಿಕ್ಕಿದ್ದು ಕಣ್ರೀ! ಬೈರಾಪಟ್ಟಣದಲ್ಲಿ ನಿಮ್ಮಂಗೆ ದಿನಾ ಮಸಾಲೆ ದೋಸೆ ತಿನ್ನೋರು ಯಾರವ್ರೆ?"

ಹತ್ತನೇ ದಿನಕ್ಕೆ ಆ ಫೋನು ಅರ್ಧ ಗಂಟೆಯಾಯಿತು. ಹದಿನೈದನೇ ದಿನಕ್ಕೆ, ಏಳೂವರೆಗೇ ಅವಳ ಕಣ್ಣು ಗಡಿಯಾರದ ಕಡೆಗೆ ಓಡತೊಡಗಿತು.

ಇಪ್ಪತ್ತೊಂದನೇ ದಿನ ಜ್ವರ ಬಂತು.

ಸಂಜೆ ಏರುವುದು, ಬೆಳಗಾಗುವಷ್ಟರಲ್ಲಿ ಬೆವರಿನಲ್ಲಿ ಬಟ್ಟೆಯೆಲ್ಲ ತೋಯುವುದು. ಕೀಲುಕೀಲಿನಲ್ಲೂ ನೋವು. ಕತ್ತಿನ ಪಕ್ಕ ಅವರೆಕಾಳಿನಷ್ಟು ಗಂಟು. ಹೊದಿಕೆಯೊಳಗೆ ಮುದುಡಿಕೊಂಡು ಮೊಬೈಲಿನಲ್ಲಿ ಎಚ್‌ಐವಿ ಅಂತ ಹುಡುಕಿದಳು. ಅಲ್ಲಿ ಬರೆದಿದ್ದ ಒಂದೊಂದು ಲಕ್ಷಣವೂ ಅವಳದೇ!

ಎಂಟಕ್ಕೆ ಫೋನು ಬಂತು. ಅವಳು ಎತ್ತಲಿಲ್ಲ. 'ಇದನ್ನು ಅವರಿಗೆ ಹೇಗೆ ಹೇಳಲಿ? ನನ್ನಿಂದಲೇ ಆಯಿತು ಅಂತ ಅವರು ಜೀವಮಾನವಿಡೀ ಕೊರಗುತ್ತಾರೆ…'

ಮೂರು ದಿನ ಬಡಿದುಕೊಂಡ ಫೋನು ನಾಲ್ಕನೇ ದಿನ ಸುಮ್ಮನಾಯಿತು.

ಸಿಂಧು ತನ್ನ ತಟ್ಟೆ, ಲೋಟ ಬೇರೆ ಇಟ್ಟಳು. ಅಪ್ಪ ಕರಿಯಯ್ಯ ಕುರಿ ಕೂಡಿ ಬಂದವನು ಎದುರಿಗೆ ಸಿಕ್ಕಿದ ಅವಳ ಲೋಟದಲ್ಲೇ ಗಟಗಟನೆ ನೀರು ಕುಡಿದ.

"ಅಪ್ಪಾ! ಅದು ನಂದು!"

"ಅಲ್ಲ ಕಣವ್ವ, ನಾನೇನು ನೆಂಟ್ನಾ ನಿಂಗೆ? ಲೋಟನೂ ಪಾಲು ಮಾಡ್ಕೊಂಡ್ಬುಟ್ಯಾ?"

ಐದೇ ದಿನ. ಕರಿಯಯ್ಯ ಕಂಬಳಿ ಹೊದ್ದು ಮಲಗಿದ. ಅದೇ ಸಂಜೆಯ ಜ್ವರ, ಅದೇ ಬೆವರು, ಅದೇ ಕೀಲುನೋವು!

'ತಾಯಿಯಿಲ್ಲದ ನನ್ನನ್ನು ಸಾಕಿದ ಅಪ್ಪನಿಗೆ ನಾನು ಕೊಟ್ಟಿದ್ದು ಇದನ್ನಾ…' ಸಿಂಧು ಮೊಬೈಲ್ ತೆಗೆದು ಮಧುವಿಗೆ ಫೋನು ಮಾಡಿದಳು.

"ರೀ… ನಮ್ಮಪ್ಪನ್ನ ಕೊಂದ್ಬುಟ್ಟೆ ನಾನು!"

ಅರ್ಧ ಗಂಟೆಯಲ್ಲಿ ಆಟೋ ಮನೆ ಮುಂದಿತ್ತು. ಅವಳು ಬಿಕ್ಕುತ್ತಾ ಹೇಳಿದ್ದನ್ನೆಲ್ಲ ಮಧು ಕೇಳಿಸಿಕೊಂಡ.

"ಲೋಟದಿಂದ ಬರಲ್ಲ ಸಿಂಧು ಇದು. ನನ್ನ ತಂಗಿ ಪುಟ್ಟಿ ನನ್ನ ಎಂಜಲು ತಿಂದೇ ಬೆಳೆದೋಳು. ಕಲ್ಲುಗುಂಡಿನಂಗವ್ಳೆ! ಟೆಸ್ಟೂ ಮಾಡ್ಸಿದೀವಿ."

"ಹಂಗಾದ್ರೆ ಅಪ್ಪಂಗೆ ಹೆಂಗೆ…"

"ಅದನ್ನೇ ನಾನು ಹೇಳ್ತಿರೋದು. ಅವ್ರಿಗೂ ಬಂದೈತೆ ಅಂದ್ರೆ ಇದು ನನ್ನ ಕಾಯಿಲೆ ಅಲ್ಲ. ಬೇರೆ ಯಾವ್ದೋ ಐತೆ. ಎದ್ದೇಳಿ, ಇಬ್ರೂ ನಡೀರಿ!"

ಹತ್ತು ದಿನದಲ್ಲಿ ಮೊದಲ ಸಲ ಸಿಂಧು ಪೂರಾ ಉಸಿರು ಎಳೆದುಕೊಂಡಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಇಬ್ಬರನ್ನೂ ನೋಡಿ ಕೇಳಿದ್ದು ಒಂದೇ. "ಮನೇಲಿ ಕುರಿ ಇದಾವಾ? ಯಾವ್ದಾದ್ರೂ ಕುರಿ ದಿನ ತುಂಬದೆ ಮರಿ ಕಂದು ಹಾಕ್ತಾ?"

"ಹೋದ ತಿಂಗ್ಳು ಎರಡು ಹಾಕ್ದವು ಕಣವ್ವ," ಎಂದ ಕರಿಯಯ್ಯ. "ನಾನೂ ಮಗ್ಳೂ ಬರಿಗೈಲೇ ಎಳ್ದು ತಗುದ್ವಿ. ಯಾವಾಗ್ಲೂ ಹಂಗೇ ಅಲ್ವಾ?"

ರಕ್ತಪರೀಕ್ಷೆಯೂ ಅದನ್ನೇ ಹೇಳಿತು. ಕುರಿಯಿಂದ ಬಂದ ಜ್ವರ. ಆರು ವಾರ ಔಷಧಿ ತಗೊಂಡರೆ ವಾಸಿಯಾಗುತ್ತದೆ. ಸಿಂಧುವಿನ ಎಚ್‌ಐವಿ ವರದಿ ನೆಗೆಟಿವ್. ಮೂರು ತಿಂಗಳಿಗೆ ಇನ್ನೊಮ್ಮೆ ನೋಡಬೇಕು, ಅಷ್ಟೇ.

ಅಪ್ಪನನ್ನು ಮಲಗಿಸಿದ್ದ ವಾರ್ಡಿನಿಂದ ಅವಳು ಹೊರಗೆ ಬಂದಾಗ ಮಧು ಬೇವಿನ ಮರದ ಕೆಳಗೆ ಆಟೋಗೆ ಒರಗಿ ನಿಂತಿದ್ದ.

"ಬತ್ತೀನಿ ಸಿಂಧು. ನನ್ನಿಂದ ನೀವು ಪಟ್ಟ ಭಯ ಸಾಕು."

"ಫೋನ್ ಎತ್ಲಿಲ್ಲ ಅಂತ ಏನಂದ್ಕೊಂಡ್ರಿ?"

"ಹೇಸಿಗೆ ಆಗೈತೆ ಅಂತ…"

"ಥೂ, ಮಂಕು! ನೀವು ಕೊರಗ್ತೀರಲ್ಲಾ ಅಂತ ಕಣ್ರೀ!" ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಈಗ ತಾನೇ ಅಪ್ಪಂಗೆ ಎಲ್ಲಾ ಹೇಳ್ಬುಟ್ಟೆ. ನಿಮ್ಮನ್ನೇ ಮದ್ವೆ ಆಗ್ತೀನಿ ಅಂತಾನೂ."

ಮಧು ಆಟೋ ಬಿಟ್ಟು ನೆಟ್ಟಗೆ ನಿಂತ. "ಏ… ಏನಂದ್ರು?"

"ಗೋಡೆ ಕಡೆ ತಿರುಗ್ಕೊಂಡ. ಸಿಟ್ಟಲ್ಲ, ಭಯ. ಅದೆಂಗಿರ್ತದೆ ಅಂತ ನಂಗೊತ್ತು. ಹೋಗೋಕೆ ಒಸಿ ದಿನ ಬೇಕು."

"ನಿಮ್ದು ಇನ್ನೊಂದು ಟೆಸ್ಟ್ ಬಾಕಿ ಐತಲ್ಲ. ಆ ರಿಪೋರ್ಟ್ ಬರ್ಲಿ, ಆಮೇಲೆ ಹೇಳಿ."

ಅವಳು ಅವನ ಕಣ್ಣನ್ನೇ ನೋಡಿದಳು.

"ರಿಪೋರ್ಟ್ ನೋಡ್ಕೊಂಡು ಹೇಳೋ ಮಾತಾ ಇದು? ಅದ್ರಲ್ಲಿ ಏನೇ ಬರ್ಲಿ, ನಾನು ಈಗ್ಲೇ ಹೇಳ್ತಿವ್ನಿ. ನಿಮ್ಗೆ ಒಪ್ಗೆನಾ, ಇಲ್ವಾ?"

ಅವನು ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡ.

"ಒಪ್ಗೆ… ಆದ್ರೆ ಭಯ ಆಯ್ತದೆ ಸಿಂಧು."

"ನಂಗೂ ಆಯ್ತದೆ," ಎಂದು ಅವಳು ಅವನ ಕೈ ಹಿಡಿದಳು. "ಬನ್ನಿ, ಅಪ್ಪ ಒಬ್ನೇ ಅವ್ನೆ. ಇಬ್ರೂ ಹೋಗಿ ಪಕ್ಕದಲ್ಲಿ ಕೂತ್ಕೊಳಾಣ."