ಒಡೆದ ಬೋಟಿನ ಚಾಲಕನ ಸೀಟು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಕೋಣನಕುಂಟೆಯ ಕಡೆಯ ಠಾಣೆಗೆ ಬಂದ ದೂರನ್ನು ಓದಿ ಇನ್ಸ್‌ಪೆಕ್ಟರ್ ಶಾಂತವೀರಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. ಬೈಕು, ಸರ, ಮೊಬೈಲು, ಕಡೆಗೆ ಮ್ಯಾನ್‌ಹೋಲ್ ಮುಚ್ಚಳ ಕದ್ದವರನ್ನೂ ಅವರು ಹಿಡಿದಿದ್ದರು. ಬೋಟಿನ ಸೀಟು ಕದ್ದವನನ್ನು ಮಾತ್ರ ಕಂಡಿರಲಿಲ್ಲ.

"ಈ ಊರಿಗೆ ಬೋಟ್ ಎಲ್ಲಿಂದ ಬಂತು ಸ್ವಾಮಿ?"

ದೂರುದಾರ ಸೋಮನಾಥ್ ಹಳೇ ಜೀಪು, ಜನರೇಟರು, ಬೋಟು ಕೊಂಡು ಮಾರುವವನು. "ಸ್ಕೀ ಬೋಟ್ ಸಾರ್. ನೀರ್ ಮೇಲೆ ಹಗ್ಗ ಹಿಡ್ಕೊಂಡು ಜಾರ್ತಾರಲ್ಲ, ಅವ್ರನ್ನ ಎಳೆಯೋ ಬೋಟು. ಹಿನ್ನೀರಿನ ಹತ್ರ ಒಂದು ರೆಸಾರ್ಟಿಂದ ತಂದಿದ್ದೆ. ಸ್ವಲ್ಪ ಡ್ಯಾಮೇಜ್ ಆಗಿದೆ. ಶೆಡ್ಡಲ್ಲಿ ನಿಲ್ಸಿ ಎರಡು ವಾರ ಊರಿಗೆ ಹೋಗಿದ್ದೆ. ನಿನ್ನೆ ಬಂದು ನೋಡಿದ್ರೆ ಡ್ರೈವರ್ ಸೀಟೇ ಮಾಯ."

"ಇಂಜಿನ್?"

"ಇದೆ."

"ಬ್ಯಾಟರಿ?"

"ಅದೂ ಇದೆ ಸಾರ್."

"ಯಾರ ಮೇಲೆ ಅನುಮಾನ?"

"ಜಯನಗರದ ಚಿದಾನಂದ್ ಅಂತ. ತಗೋತೀನಿ ಅಂತ ಓಡಾಡಿ, ಕೊನೆಗೆ ಜಗಳ ಆಡ್ಕೊಂಡು ಹೋದ."

ಭಾರತೀಯ ನ್ಯಾಯ ಸಂಹಿತೆಯ ಕಲಂ 303(2)ರ ಅಡಿ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಶಾಂತವೀರಪ್ಪನವರು ಕಾನ್ಸ್‌ಟೇಬಲ್ ಮಧುಶ್ರೀಯೊಂದಿಗೆ ಶೆಡ್ಡಿಗೆ ಹೋಗಿ ಸ್ಥಳ ಪಂಚನಾಮೆ ಮಾಡಿದರು. ಟ್ರೈಲರ್ ಮೇಲೆ ಬಿಳೀ ಬೋಟು. ಮುಂಭಾಗದ ಅಡಿಯಲ್ಲಿ ಅಂಗೈ ತೂರುವಷ್ಟು ಬಿರುಕು. ಸೀಟನ್ನು ಯಾರೂ ಕಿತ್ತಿರಲಿಲ್ಲ. ಸ್ಪ್ಯಾನರ್ ಹಾಕಿ ಬಿಚ್ಚಿ, ಬೋಲ್ಟುಗಳನ್ನು ಒಂದರ ಪಕ್ಕ ಒಂದು ಜೋಡಿಸಿಟ್ಟಿದ್ದರು.

"ಯಾವ ಸೀಮೆ ಕಳ್ಳ ಸಾರ್ ಇವ್ನು? ಇಷ್ಟು ಮರ್ಯಾದಸ್ಥ!" ಎಂದಳು ಮಧುಶ್ರೀ.

ಚಿದಾನಂದನ ಕ್ರೀಡಾ ಸಾಮಗ್ರಿಯ ಅಂಗಡಿ ನಾಲ್ಕನೇ ಬ್ಲಾಕಿನಲ್ಲಿತ್ತು. ಪೊಲೀಸರನ್ನು ಕಂಡು ಅವನಿಗೆ ರೇಗಿಹೋಯಿತು.

"ಸೀಟ್ ತಂದು ಬಾಲ್ಕನೀಲಿ ಹಾಕ್ಕೊಳ್ಳಾ ಸಾರ್? ತಗೊಳ್ಳೋದಾ ಬೇಡ್ವಾ ಅಂತ ತಲೆ ಕೆಡಿಸ್ಕೊಂಡು ನಿದ್ದೆ ಬಿಟ್ಟಿದೀನಿ. ಟ್ರೈಲರಿಂದ ಬಿತ್ತು, ಅದಕ್ಕೆ ಒಡೀತು ಅಂದ. ಬಿದ್ರೆ ಹಂಗೆ ಒಡೆಯಲ್ಲ. ನೀರಲ್ಲಿ ಏನಕ್ಕೋ ಗುದ್ದಿದೆ. ಒಳಗಡೆ ನೆಲ ಒತ್ತಿದ್ರೆ ಮೆತ್ತಗೆ, ಕೆಳಗೆ ಮರ ಕೊಳೆತಿದೆ. ಅಗ್ಗಕ್ಕೆ ಸಿಗುತ್ತೆ ಅಂತ ತಗೊಂಡು ನಾಳೆ ಯಾರದೋ ಮಗನ್ನ ಅದರಲ್ಲಿ ಕೂರಿಸ್ಲಾ? ಬೇಡಪ್ಪ ಅಂದೆ. ಅಷ್ಟೇ ಜಗಳ."

"ಬೇರೆ ಯಾರಾದ್ರೂ ನೋಡೋಕೆ ಬಂದಿದ್ರಾ?"

"ಒಬ್ರು ಅಂಕಲ್. ನಾನು ಹೋದಾಗೆಲ್ಲ ಇರ್ತಿದ್ರು. ಹುಬ್ಳಿ ಕಡೆ ಮಾತು. ಅವರು ಇಂಜಿನ್ ನೋಡ್ಲಿಲ್ಲ, ಬಿರುಕೂ ನೋಡ್ಲಿಲ್ಲ. ಡ್ರೈವರ್ ಸೀಟಲ್ಲಿ ಕೂತು ಸ್ಟಿಯರಿಂಗ್ ಮೇಲೆ ಕೈ ಇಟ್ಕೊಂಡಿರೋರು. ತಗೋತೀರಾ ಅಂಕಲ್ ಅಂದ್ರೆ, 'ಇನ್ನಾ ವಿಚಾರ ಮಾಡಾಕತ್ತೀನ್ರಿ' ಅನ್ನೋರು."

ಒಡೆದ ಬೋಟು ಕೊಳ್ಳಲು ಬಂದವನು ಒಡಕನ್ನೇ ನೋಡುವುದಿಲ್ಲವೆಂದರೇನು? ಶಾಂತವೀರಪ್ಪನವರು ಸೋಮನಾಥನ ಫೋನಿನಿಂದ ಆ ಗಿರಾಕಿಯ ನಂಬರು ತೆಗೆಸಿದರು. ಪಾಪ, ಮನುಷ್ಯ ತನ್ನ ಸ್ವಂತ ನಂಬರಿನಿಂದಲೇ ಕರೆ ಮಾಡಿದ್ದ. ಮಂಗಳವಾರ ಬೆಳಿಗ್ಗೆ ಬಿಟಿಎಂ ಲೇಔಟಿನ ಅಪಾರ್ಟ್‌ಮೆಂಟೊಂದರ ಪಂಪ್ ರೂಮಿನಲ್ಲಿ ಸಿಕ್ಕಿದ. ಹೆಸರು ಯಲ್ಲಪ್ಪ, ಪ್ಲಂಬರ್ ಕೆಲಸ, ಅರವತ್ತರ ಹತ್ತಿರದ ವಯಸ್ಸು.

"ಸೀಟ್ ಬಿಚ್ಚಿದ್ದು ನೀವೇನಾ?"

"ಹೌದ್ರೀ ಸಾಹೇಬ್ರ."

"ಎಲ್ಲಿದೆ?"

"ಮಣ್ಣಾಗೈತ್ರಿ."

ಅವನ ಮಗ ಬಸವಂತ ಆ ಬೋಟಿನ ಚಾಲಕನಾಗಿದ್ದ. ಹಿನ್ನೀರಿನಲ್ಲಿ ಮುಳುಗಿದ್ದ ಮರದ ಬೊಡ್ಡೆಗೆ ಬೋಟು ಗುದ್ದಿತು. ಬಸವಂತ ನೀರಿಗೆ ಎಸೆಯಲ್ಪಟ್ಟ. ಎಷ್ಟು ಹುಡುಕಿದರೂ ಶವ ಸಿಗಲಿಲ್ಲ.

"ನನ್ನ ಹೇಣ್ತಿ ತಂಗೆವ್ವ ಅಳಲೇ ಇಲ್ರಿ," ಎಂದ ಯಲ್ಲಪ್ಪ. "'ಹೆಣಾ ತೋರಸ್ರಿ, ಆಮ್ಯಾಲೆ ಅಳತೀನಿ' ಅಂದ್ಲು. ಅನ್ನಾ ಬಿಟ್ಲು. ನೀರ ಸೈತ ಇಳೀತಿದ್ದಿಲ್ಲ. ಮಗಾ ಅಂತೂ ಹ್ವಾದ, ಇಕೀನೂ ಹೊಕ್ಕಾಳ ಅನಸ್ತು. ಬೋಟ್ ಇಲ್ಲಿ ಮಾರಾಕ ಬಂದೈತಿ ಅಂತ ಗೊತ್ತಾಗಿ, ಅದನ್ನರೆ ಕೊಳ್ಳೂಣು ಅಂತ ಹೋದೆ. ನನ್ನ ಕೈಲೆ ಆಗೂದಲ್ರಿ ಅದು. ಬರೇ ಸೀಟ್ ಕೊಡ್ರಿ ಅಂದೆ. ಅಂವ ನಕ್ಕ."

"ಸೀಟ್ ಯಾಕೆ?"

"ನಮ್ಮಾಗ ಸತ್ತವರನ್ನ ಕುಂದರಿಸಿ ಮಣ್ಣು ಮಾಡ್ತೀವ್ರಿ. ಕುಂದರಸಾಕ ನನ್ನ ಕಡೆ ಮಗಾ ಇದ್ದಿಲ್ಲ. ಅಂವ ಕಡೀಕ ಕುಂತದ್ದು ಅದರಾಗ."

ಶಾಂತವೀರಪ್ಪನವರಿಗೆ ಹೇಳಿಕೊಡಬೇಕಿರಲಿಲ್ಲ. ತಮ್ಮ ತಂದೆಯನ್ನೂ ಹಾಗೆಯೇ ಕೂರಿಸಿ, ತಲೆಯ ಮೇಲೆ ಬಿಲ್ವಪತ್ರಿ ಇಟ್ಟು, ಮಣ್ಣು ಕೊಟ್ಟವರು ಅವರು.

"ಹೆಣಾ ಸಿಕ್ಕೈತಿ, ನೀರಾಗಿದ್ದು ಕೆಟ್ಟೈತಿ, ಮಾರೀ ನೋಡಬ್ಯಾಡ ಅಂತ ಅಕಿಗೆ ಸುಳ್ಳ ಹೇಳಿದೆ. ಸೀಟಿಗೆ ಅವನ ಅಂಗಿ ತೊಡಸಿ, ಬಿಳೀ ಅರಿವಿ ಸುತ್ತಿ ಹೊಲದಿದ್ದೆ. ಅಕಿ ಭುಜಾ ಸವರಿದ್ಲು. 'ಎಷ್ಟ ಬಿರುಸಾಗ್ಯಾನ ನನ ಕೂಸು' ಅಂತ ಅತ್ಲು ನೋಡ್ರಿ, ಅತ್ಲು... ಅವತ್ತ ಒಂದ್ ತುತ್ತು ಉಂಡ್ಲು." ಯಲ್ಲಪ್ಪ ಕೈ ಮುಗಿದ. "ನನ್ನ ಎಷ್ಟ ವರ್ಷರೆ ಜೇಲಿಗೆ ಹಾಕ್ರಿ. ಮಣ್ಣ ಮಾತ್ರ ಅಗಿಬ್ಯಾಡ್ರಿ. ಅಕಿಗೆ ಗೊತ್ತಾಗಬಾರ್ದ್ರಿ."

ಇನ್ಸ್‌ಪೆಕ್ಟರರು ಅವನ ಮುಗಿದ ಕೈ ಬಿಡಿಸಿದರು. ಹೊರಗೆ ಬಂದು ಸೋಮನಾಥನಿಗೆ ಫೋನ್ ಮಾಡಿ, ಆದದ್ದನ್ನೆಲ್ಲ ಹೇಳಿ, ರಾಜಿ ಮಾಡಿಕೊಳ್ಳಲು ಕೇಳಿದರು.

"ಡ್ರೈವರ್ ಸತ್ತಿದ್ದು ನಂಗೂ ಗೊತ್ತು ಸಾರ್. ಹೇಳಿದ್ರೆ ಬೋಟ್ ಯಾರ್ ತಗೋತಾರೆ? ಅಯ್ಯೋ ಅನ್ಸುತ್ತೆ, ಇಲ್ಲ ಅನ್ನಲ್ಲ. ಆದ್ರೆ ಸೀಟಿಲ್ದೆ ಬೋಟ್ ಹೋಗಲ್ಲ. ನನ್ ಮಾಲು ನಂಗೆ ಕೊಡ್ಸಿ."

ಕಾನೂನು ಅವನ ಪಕ್ಕದಲ್ಲಿತ್ತು. ಇಂಥ ಕಾನೂನಿಗಿಷ್ಟು ಬೆಂಕಿ ಹಾಕ ಎಂದುಕೊಂಡೇ ಶಾಂತವೀರಪ್ಪನವರು ಪಂಚರನ್ನು ಕರೆಸಿದರು.

ಅಂದೇ ಮಧ್ಯಾಹ್ನ ಮೂರಕ್ಕೆ ಕೋಣನಕುಂಟೆಯ ಹಳೇ ರುದ್ರಭೂಮಿಯಲ್ಲಿ ಅಗೆತ ಆರಂಭವಾಯಿತು. ಕಾವಲುಗಾರ ದ್ಯಾಮಣ್ಣ ಗುದ್ದಲಿ ಹಿಡಿದ. "ಹೆಣ ಅಲ್ಲ ಅಂತ ಇವ್ರು ನಂಗೆ ಆಗ್ಲೇ ನಿಜ ಹೇಳಿದ್ರು ಸಾರ್. ಅದಕ್ಕೇ ಡಾಕ್ಟ್ರ ಚೀಟಿ ಕೇಳಲಿಲ್ಲ," ಎಂದು ತಾನಾಗಿಯೇ ಒಪ್ಪಿಕೊಂಡ. ಬಿಳಿ ಬಟ್ಟೆ ಕಂಡಾಗ ಯಲ್ಲಪ್ಪ ಬೇರೆಯವರ ಕೈ ಸೋಕಗೊಡದೆ ತಾನೇ ಗುಂಡಿಗಿಳಿದ. ಮಗುವನ್ನೆತ್ತುವ ಹಾಗೆ ಎರಡೂ ಕೈಯಿಂದ ಎತ್ತಿ ಮೇಲೆ ಕೊಟ್ಟ. ಹೊಲಿಗೆ ಬಿಚ್ಚಿದಾಗ ಅಂಗಿಯೊಳಗಿಂದ ನೀಲಿ ರೆಕ್ಸಿನ್ ಕಂಡಿತು.

ಆಗಲೇ ತಂಗೆವ್ವ ಬಂದದ್ದು. ಆಕೆಗೆ ಯಾರೂ ಸುದ್ದಿ ಕೊಟ್ಟಿರಲಿಲ್ಲ. ದಿನಾ ಆ ಹೊತ್ತಿಗೆ ಪತ್ರಿ ಏರಿಸಲು ಬರುತ್ತಿದ್ದಳಂತೆ. ಗುಂಡಿ ನೋಡಿದಳು, ಸೀಟು ನೋಡಿದಳು, ಗಂಡನನ್ನು ನೋಡಿದಳು. ಈಗ ಎದೆ ಬಡಿದುಕೊಂಡು ಬೀಳುತ್ತಾಳೆಂದು ಮಧುಶ್ರೀ ಓಡಿಹೋಗಿ ಹಿಡಿದುಕೊಂಡಳು.

"ಇದು ಅಂವ ಅಲ್ಲಾ?" ಎಂದಳು ತಂಗೆವ್ವ.

ದ್ಯಾಮಣ್ಣ ಬಿಚ್ಚಿದ ಬಟ್ಟೆಯನ್ನು ಸೀಟಿನ ಮೇಲೆ ಎಳೆದ.

"ಹಂಗಾರ ನನ ಮಗಾ ಸತ್ತಿಲ್ಲ!" ಆಕೆಯ ಮುಖ ಅರಳಿತು. ಅಷ್ಟು ಸಂತೋಷದ ಮುಖವನ್ನು ಶಾಂತವೀರಪ್ಪನವರು ಸ್ಮಶಾನದಲ್ಲಿ ಎಂದೂ ಕಂಡಿರಲಿಲ್ಲ. ಅವರಿಗೆ ನೋಡಲಾಗಲಿಲ್ಲ.

"ಸತ್ತಾನ, ಖರೇನ ಸತ್ತಾನ, ನನ್ನ ಮಾತ ಕೇಳ..." ಯಲ್ಲಪ್ಪ ಗುಂಡಿಯಿಂದಲೇ ಕೂಗಿದ. ಆಕೆ ಕಿವಿಗೆ ಹಾಕಿಕೊಳ್ಳಲಿಲ್ಲ.

ಸಂಜೆ ನಾಲ್ಕಕ್ಕೆ ಆರೋಪಿಯನ್ನು ಬಂಧಿಸಲಾಯಿತು. ಸೀಟನ್ನು ಪಂಚರ ಸಮಕ್ಷಮ ವಶಕ್ಕೆ ಪಡೆಯಲಾಯಿತು. ಹೆಂಡತಿ ಒಮ್ಮೆ ಅಳಲಿ, ಅತ್ತು ಬದುಕಿಕೊಳ್ಳಲಿ ಎಂಬುದರ ಹೊರತು ಯಲ್ಲಪ್ಪನಿಗೆ ಆ ಸೀಟಿನಿಂದ ಇನ್ನೇನೂ ಬೇಕಿರಲಿಲ್ಲ. ಜೀಪು ಹತ್ತುವಾಗ ಅವನು ಜಾಮೀನಿನ ಮಾತೆತ್ತಲಿಲ್ಲ. "ಯಾರರೆ ಅಕಿ ಜೋಡಿ ಹೋಗ್ರಿ," ಎಂದ.

ಮಧುಶ್ರೀ ಆಕೆಯ ಹಿಂದೆಯೇ ಓಡಿದಳು. ತಂಗೆವ್ವ ಆಗಲೇ ಗೇಟು ದಾಟಿ ಆಟೋಗೆ ಕೈ ಒಡ್ಡಿದ್ದಳು.

"ನಿಂತ್ಕೊಳ್ಳಿ ಅಮ್ಮಾ, ಎಲ್ಲಿಗೆ?"

"ಮನೀಗವಾ. ಕೀಲಿ ಹಾಕಿ ಬಂದೀನಿ. ಅಂವ ಬಂದ್ರ ಬಾಗಲದಾಗ ನಿಂದರಬೇಕಾಕ್ಕತಿ."