ವಲಿಸಾಬರ ಬೋಳು ಗಾಡಿ

"ಅದನ್ನ ಮುಟ್ಟಬೇಡ."

ಗ್ಯಾರೇಜಿನ ಶಟರ್ ಅರ್ಧ ಎತ್ತಿದ್ದ ಇಫ್ತಿಕಾರನ ಕೈ ಅಲ್ಲೇ ನಿಂತಿತು.

ಒಳಗೆ, ತಾಡಪಾಲು ಹೊದಿಸಿದ್ದ ಗಾಡಿಯ ಪಕ್ಕದಲ್ಲಿ ನಾಜಿಯಾ ನಿಂತಿದ್ದಳು. ದುಪಟ್ಟಾ ತಲೆಯಿಂದ ಜಾರಿದ್ದೂ ಅವಳಿಗೆ ಗೊತ್ತಾಗಿರಲಿಲ್ಲ. ಇಫ್ತಿಕಾರ್ ವರ್ಷಗಟ್ಟಲೆ ಇದೇ ಗ್ಯಾರೇಜಿನಲ್ಲಿ ಅವಳ ಅಬ್ಬಾನ ಕೈಕೆಳಗೆ ಕೆಲಸ ಕಲಿತವನು. ಆದರೂ ನಡುವೆ ಪರದೆಯಿಲ್ಲದೆ ಇಬ್ಬರೂ ಎದುರುಬದುರು ನಿಂತದ್ದು ಇದೇ ಮೊದಲು.

ಪರದೆಯ ಆಚೆಯಿಂದ ಚಹಾದ ಲೋಟ ಚಾಚುವ ಕೈಯನ್ನಷ್ಟೇ ಅವನು ನೋಡಿದ್ದ. ಕುಡಿದ ಲೋಟವನ್ನು ತೊಳೆದು ಬೋರಲು ಹಾಕಿಡುವ ಅವನ ಅಭ್ಯಾಸವನ್ನಷ್ಟೇ ಅವಳು ಕಂಡಿದ್ದಳು. ಅಷ್ಟರಲ್ಲೇ ಇಬ್ಬರ ಎದೆಯಲ್ಲೂ ಏನೋ ಶುರುವಾಗಿತ್ತು... ಅಬ್ಬಾ ಅದನ್ನು ಪತ್ತೆ ಹಚ್ಚಿ, ಮೀಸೆಯಲ್ಲೇ ನಕ್ಕು, ನಿಕಾಹ್ ಮಾಡಿಸುತ್ತೇನೆಂದು ಅವನಿಗೆ ಮಾತು ಕೊಟ್ಟಿದ್ದರು.

ಈಗ ಆ ಅಬ್ಬಾ ಇಲ್ಲ. ಇಲ್ಲದ ಹಾಗೆ ಮಾಡಿದವನು ಇವನೇ!

"ನಿಮ್ಮ ಅಮ್ಮಿ ಕರೆಸಿದ್ರು," ಎಂದ ಅವನು, ನೆಲ ನೋಡುತ್ತ.

"ನಾನು ಕರೆಸಿಲ್ಲ. ನಮ್ಮ ಅಬ್ಬಾನ್ನ ತಿಂದ ಕೈ ಅವರ ಗಾಡಿ ಮುಟ್ಟೋದು ಬೇಡ."

ಅವನು ಇಲ್ಲ ಎನ್ನಲಿಲ್ಲ. ಅದೇ ಅವಳನ್ನು ಇನ್ನಷ್ಟು ಉರಿಸಿತು. ಒಂದೇ ಒಂದು ಸಲ ಇಲ್ಲ ಅನ್ನಬಾರದಾ? ಜಗಳವಾಡಬಾರದಾ? ಹೀಗೆ ತಲೆ ತಗ್ಗಿಸಿ ನಿಂತರೆ ಯಾರಾದರೂ ಏನು ಮಾಡಬೇಕು?

ಅಷ್ಟರಲ್ಲಿ ಒಳಮನೆಯಿಂದ ಗುಲ್ಷನ್ ಬೀ ಬಂದು ಮಗಳ ಭುಜ ಹಿಡಿದು ಒಳಗೆ ಕರೆದುಕೊಂಡು ಹೋದರು. ಶಟರ್ ಪೂರ್ತಿ ಮೇಲೆದ್ದ ಸದ್ದು ಕೇಳಿ ನಾಜಿಯಾ ದಿಂಬಿಗೆ ಮುಖ ಒತ್ತಿಕೊಂಡಳು.

ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿ ಲಾರಿ ಓಡಿಸುವ ಯಾರನ್ನೇ ಕೇಳಿದರೂ ನಾಜಿಯಾಳ ಅಬ್ಬಾ ವಲಿಸಾಬರ ಗ್ಯಾರೇಜು ತೋರಿಸುತ್ತಿದ್ದರು. ಮುಂದೆ ಗ್ಯಾರೇಜು, ಹಿಂದೆ ಮನೆ, ನಡುವೆ ಬಚ್ಚಲು ಮತ್ತು ಕಟ್ಟಿಗೆ ಪೇರಿಸುವ ಅಂಗಳ. ಜೀವಮಾನವೆಲ್ಲ ಬೇರೆಯವರ ಲಾರಿ ರಿಪೇರಿ ಮಾಡಿದ ಮನುಷ್ಯನಿಗೆ ಕೊನೆಗಾಲದಲ್ಲಿ ಒಂದು ಹುಚ್ಚು ಹಿಡಿಯಿತು. ಹಿಡಿಸಿದವನು ಇಫ್ತಿಕಾರ್.

ಬಳ್ಳಾರಿಯ ಗುಜರಿಯಲ್ಲಿ ಒಂದು ಹಳೇ ಫಾರ್ಗೋ ಪಿಕಪ್ ಬಿದ್ದಿತ್ತು. ಅಮೆರಿಕದಲ್ಲಿ ಹಿಂದಿನ ಕಾಲದ ಹುಡುಗರು ಇಂಥ ಗಾಡಿಗಳ ಮಡ್‌ಗಾರ್ಡ್, ಬಾನೆಟ್ ಎಲ್ಲ ಕಿತ್ತು, ಕ್ಯಾಬಿನ್ನಿನ ತಲೆ ಕೊಯ್ದು ತಗ್ಗಿಸಿ, ಇಂಜಿನ್ ಬಯಲಿಗೇ ಬಿಟ್ಟು ಓಡಿಸುತ್ತಿದ್ದರಂತೆ. ಅದಕ್ಕೆ ಹಾಟ್ ರಾಡ್ ಎನ್ನುತ್ತಾರೆಂದು ಇಫ್ತಿಕಾರ್ ಮೊಬೈಲಿನಲ್ಲಿ ತೋರಿಸಿದ. ವಲಿಸಾಬರು ಕನ್ನಡಕ ಏರಿಸಿ ನೋಡಿ, ಇದೇನಪ್ಪಾ ಮುಡಿ ಕೊಟ್ಟು ಬಂದ ಹಾಗೆ ಬೋಳು ಗಾಡಿ ಎಂದು ನಕ್ಕರು. ವಾರ ಕಳೆಯುವಷ್ಟರಲ್ಲಿ ಅದೇ ಬೋಳು ಗಾಡಿ ಗ್ಯಾರೇಜಿಗೆ ಬಂದಿತ್ತು.

ಅವರದು ಒಂದೇ ಹಟ. ಆ ಕಾಲದಲ್ಲಿ ಸಿಗದ ಯಾವ ಸಾಮಾನೂ ಇದಕ್ಕೆ ಬೀಳಬಾರದು. ತಗಡನ್ನು ಮರಳಿನ ಚೀಲದ ಮೇಲಿಟ್ಟು ಸುತ್ತಿಗೆಯಲ್ಲೇ ಬಡಿದು ಬಗ್ಗಿಸಬೇಕು. ಮೀಟರು ಹಳೇ ಲಾರಿಯದೇ ಆಗಬೇಕು. ಸೀಟನ್ನು ಮಾತ್ರ ಮಗಳು ಹೊಲಿಯಬೇಕು, ಕೆಂಪು ರೆಕ್ಸಿನ್, ಸಾಲು ಸಾಲು ಮಡಿಕೆ, ಒಳಗೆ ಹತ್ತಿ.

ಗಾಡಿ ಯಾಕೆ ಅಂದರೆ, ಹೆಂಡತಿಗಾಗಿ. ಮೊಳಕಾಲ್ಮೂರಿನ ಗುಲ್ಷನ್ ಬೀಯನ್ನು ಮದುವೆಯಾದ ದಿನ ಅವರು ಕರೆತಂದಿದ್ದು ಈರುಳ್ಳಿ ಲಾರಿಯ ಕ್ಯಾಬಿನ್ನಿನಲ್ಲಿ. ಒಂದಲ್ಲ ಒಂದು ದಿನ ಸ್ವಂತ ಗಾಡಿಯಲ್ಲಿ, ಬೇಗಂ ತರಹ ಕೂರಿಸಿಕೊಂಡು ತವರಿಗೆ ಕರೆದೊಯ್ಯುತ್ತೇನೆಂದು ಆಣೆ ಮಾಡಿದ್ದರು.

ಆ ಗಾಡಿಯೇ ಅವರ ಎದೆಯ ಮೇಲೆ ಕೂತಿತು.

ಬರೀ ಜಾಕ್ ನಂಬಿ ಗಾಡಿಯ ಕೆಳಗೆ ತೂರಬಾರದು ಎಂಬುದು ವಲಿಸಾಬರೇ ಕಲಿಸಿದ ಮೊದಲ ಪಾಠ. ಜಾಲಿಯ ದಪ್ಪ ದಿಮ್ಮಿಗಳನ್ನು ಚಾಸಿಗೆ, ಅಂದರೆ ಗಾಡಿಯ ಅಡಿಚೌಕಟ್ಟಿಗೆ, ಆಸರೆ ಕೊಟ್ಟೇ ಕೆಳಗೆ ಹೋಗಬೇಕು. ಅವತ್ತು ದಿಮ್ಮಿ ಇರಲಿಲ್ಲ. ಜಾಕ್ ಜಾರಿತು. ದಿಮ್ಮಿಗಳನ್ನು ನಾನೇ ಬೇರೆ ಲಾರಿಗೆ ಕೊಟ್ಟು ಕಳಿಸಿದ್ದೆ, ವಾಪಸ್ ತಂದಿಡೋದು ಮರೆತೆ ಎಂದು ಇಫ್ತಿಕಾರ್ ಪೊಲೀಸರ ಮುಂದೆ, ಜಮಾತಿನ ಹಿರಿಯರ ಮುಂದೆ, ಗುಲ್ಷನ್ ಬೀಯ ಮುಂದೆ ಹೇಳಿದ. ಪೊಲೀಸರು ಆಕಸ್ಮಿಕ ಎಂದು ಬರೆದುಕೊಂಡರು. ಊರಿನವರು ಮಾತ್ರ ಅವನನ್ನು ಬಿಡಲಿಲ್ಲ. ಪಕ್ಕದ ಲೇತ್ ಅಂಗಡಿಯ ಓಬಯ್ಯ ಅವನನ್ನು ಕಂಡರೆ ಮುಖ ತಿರುಗಿಸುತ್ತಿದ್ದ. ಕೊನೆಗೆ ಇಫ್ತಿಕಾರ್ ರಾಂಪುರದ ಯಾವುದೋ ಗ್ಯಾರೇಜಿಗೆ ಸೇರಿಕೊಂಡ.

ಈಗ ಗುಲ್ಷನ್ ಬೀಯ ಇದ್ದತ್ ಮುಗಿದಿತ್ತು. ಗಂಡ ಸತ್ತವಳು ಹೊಸ್ತಿಲು ದಾಟದೆ ಕೂರಬೇಕಾದ ತಿಂಗಳುಗಳು ಅವು. ಅವರ ತಮ್ಮ ರಫೀಕ್ ಮೊಳಕಾಲ್ಮೂರಿಗೇ ಬಂದುಬಿಡಿ ಎಂದು ಒತ್ತಾಯಿಸುತ್ತಿದ್ದ. ರೇಷ್ಮೆ ಸೀರೆ ಅಂಗಡಿಯ ಹುಡುಗನೊಬ್ಬನನ್ನು ನಾಜಿಯಾಗಾಗಿ ನೋಡಿಯೂ ಇಟ್ಟಿದ್ದ.

ಹೋಗೋದಾದರೆ ನಿಮ್ಮ ಅಬ್ಬಾನ ಗಾಡಿಯಲ್ಲೇ ಹೋಗೋದು ಎಂದು ಗುಲ್ಷನ್ ಬೀ ಪಟ್ಟು ಹಿಡಿದರು, ಅದನ್ನು ಮುಗಿಸಲು ಇಫ್ತಿಕಾರನನ್ನೇ ಕರೆಸಿದರು. ಅಷ್ಟೇ ಆಗಿದ್ದರೆ ನಾಜಿಯಾ ಸಹಿಸುತ್ತಿದ್ದಳೋ ಏನೋ.

"ನಿಮ್ಮ ಅಬ್ಬಾ ಆ ಹುಡುಗನಿಗೆ ಮಾತು ಕೊಟ್ಟಿದ್ರು," ಎಂದರು ಅಮ್ಮಿ. "ಊರು ಬಿಡೋ ಮುಂಚೆ ಹ್ಞೂಂ ಅಂತನೋ ಇಲ್ಲ ಅಂತನೋ ಅವನಿಗೆ ನೀನೇ ಹೇಳ್ಬೇಕು."

"ಈಗ್ಲೇ ಹೇಳ್ತೀನಿ. ಇಲ್ಲ."

"ಗಾಡಿ ಮುಗೀಲಿ ಬೇಟಿ. ಆಮೇಲೆ ಹೇಳು."

ಅಮ್ಮಿಗೇನು ಬುದ್ಧಿ ಕೆಟ್ಟಿದೆಯಾ? ತಮ್ಮ ಗಂಡನನ್ನು ನುಂಗಿದವನಿಗೆ ಮಗಳನ್ನು ಕೊಡುತ್ತಾರಾ? ನಾಜಿಯಾಗೆ ಅರ್ಥವೇ ಆಗಲಿಲ್ಲ. ಅಮ್ಮಿ ಇತ್ತೀಚೆಗೆ ಎಲ್ಲದರಲ್ಲೂ ಹಾಗೇ ಆಡುತ್ತಿದ್ದರು. ಮೊಣಕಾಲು ನೋವಿದ್ದರೂ ಬಚ್ಚಲ ಒಲೆ ತಾವೇ ಉರಿಸುತ್ತಿದ್ದರು. ನಾಜಿಯಾ ಹತ್ತಿರ ಹೋದರೆ, ಹೊಗೆ ಕಣ್ಣಿಗೆ ಬೀಳುತ್ತೆ ಎಂದು ಎಬ್ಬಿಸಿ ಕಳಿಸುತ್ತಿದ್ದರು.

ಇಫ್ತಿಕಾರ್ ದಿನಾ ಬೆಳಿಗ್ಗೆ ರಾಂಪುರದ ಬಸ್ಸಿಗೆ ಬಂದಿಳಿಯುತ್ತಿದ್ದ. ಗಾಡಿಯ ತಲೆಯನ್ನು ನಾಲ್ಕು ಬೆರಳು ಕೊಯ್ದು ತಗ್ಗಿಸಿ ವೆಲ್ಡ್ ಮಾಡಿದ. ಹಿಂದಿನ ತೊಟ್ಟಿಗೆ ಹಲಗೆ ಜೋಡಿಸಿದ. ಉಸ್ತಾದ್ ವಲಿಸಾಬರು ಅರ್ಧಕ್ಕೆ ಬಿಟ್ಟ ತಗಡನ್ನು ಅವರದೇ ಸುತ್ತಿಗೆಯಲ್ಲಿ ಬಡಿದು ಮುಗಿಸಿದ. ಆ ಠಣ್ ಠಣ್ ಸದ್ದು ಕೇಳಿದಾಗೆಲ್ಲ ಒಳಗೆ ನಾಜಿಯಾಳ ಕೈ ನಿಂತುಬಿಡುತ್ತಿತ್ತು. ಅಬ್ಬಾನೇ ಬಡಿಯುತ್ತಿದ್ದಾರೇನೋ ಎಂದು ಒಂದು ಗಳಿಗೆ ಅನಿಸುತ್ತಿತ್ತು.

ಒಂದು ದಿನ ಸೀಟಿನ ಅಳತೆಗೆ ಕತ್ತರಿಸಿದ ಪೇಪರನ್ನು ಅವನು ಹೊಸ್ತಿಲ ಮೇಲಿಟ್ಟು ಹೋದ. ಹರಿದು ಹಾಕಬೇಕೆನಿಸಿತು. ಆದರೆ ಅದು ಅಬ್ಬಾ ಹೇಳಿದ ಕೆಲಸ. ಅವಳು ಮಷಿನ್ ಎಳೆದುಕೊಂಡು ಕೆಂಪು ರೆಕ್ಸಿನ್ನಿಗೆ ಮಡಿಕೆ ಹಾಕುತ್ತ ಕೂತಳು.

ಚಹಾ ಅಮ್ಮಿ ಕೊಡುತ್ತಿದ್ದರು. ಲೋಟ ಮಾತ್ರ ಮೊದಲಿನ ಹಾಗೇ ತೊಳೆದು ಬೋರಲು ಬಿದ್ದಿರುತ್ತಿತ್ತು. ಅದನ್ನು ಒಳಗೆ ತರುವಾಗ ನಾಜಿಯಾಗೆ ತನ್ನ ಮೇಲೇ ಅಸಹ್ಯವಾಗುತ್ತಿತ್ತು. ಇಷ್ಟಾದ ಮೇಲೂ ಆ ಲೋಟ ಕಂಡರೆ ಎದೆ ಯಾಕೆ ಹೀಗೆ ಬಡಿದುಕೊಳ್ಳಬೇಕು?

ಎಲ್ಲ ಮುಗಿದರೂ ಒಂದು ಕೆಲಸವನ್ನು ಅವನು ಮುಂದೂಡುತ್ತಲೇ ಇದ್ದ. ಗೇರ್ ಬಾಕ್ಸಿನಿಂದ ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟಿನ ಬೋಲ್ಟುಗಳನ್ನು ಬಿಗಿಯುವುದು. ಅದಕ್ಕೆ ಗಾಡಿಯ ಕೆಳಗೇ ಮಲಗಬೇಕು, ವಲಿಸಾಬರು ಮಲಗಿದ್ದ ಜಾಗದಲ್ಲೇ.

ಸೀಟು ಹೊಲಿದು ಮುಗಿದ ದಿನ, ಯಾರೂ ಇಲ್ಲವೆಂದುಕೊಂಡು ಅವಳು ಅದನ್ನು ಎತ್ತಿಕೊಂಡು ಗ್ಯಾರೇಜಿಗೆ ಬಂದಳು. ಇಫ್ತಿಕಾರ್ ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತಿದ್ದ. ಮುಂದೆ ಹೊಸ ಜಾಲಿ ದಿಮ್ಮಿಗಳು. ಒಂದೊಂದರ ನೆತ್ತಿಗೂ ಗರಗಸದಲ್ಲಿ ಅಡ್ಡಡ್ಡ ಕಚ್ಚು ಹಾಕುತ್ತಿದ್ದ.

"ಅದ್ಯಾಕೆ ಹಂಗೆ ಕೊಯ್ತಿದೀಯ?" ಮಾತು ತಾನಾಗಿ ಹೊರಬಂತು.

"ಚಾಸಿ ಜಾರದೇ ಇರ್ಲಿ ಅಂತ. ಉಸ್ತಾದ್ ಎಲ್ಲಾ ದಿಮ್ಮಿಗೂ ಹಿಂಗೇ..."

ಹೇಳುತ್ತಿದ್ದವನು ಥಟ್ಟನೆ ನಿಲ್ಲಿಸಿದ. ತಡವಾಗಿತ್ತು.

ನಾಜಿಯಾ ಆ ಕಚ್ಚನ್ನೇ ನೋಡುತ್ತಿದ್ದಳು. ಅದನ್ನು ಅವಳು ಮೊದಲೇ ನೋಡಿದ್ದಳು. ಅಬ್ಬಾ ಹೋದ ದಿನ, ಬೆಳಕು ಹರಿಯುವ ಹೊತ್ತು. ಅಬ್ಬಾಗೆ ಬೆನ್ನುನೋವು, ಬಿಸಿ ನೀರು ಸುರಿದುಕೊಂಡರೆ ಹಾಯೆನಿಸುತ್ತಿತ್ತು. ಸೀಳಿದ ಕಟ್ಟಿಗೆ ತೀರಿತ್ತು. ಅಂಗಳದ ಗೋಡೆಗೆ ಒರಗಿಸಿದ್ದ ದಪ್ಪ ತುಂಡುಗಳನ್ನು ಎತ್ತಿ ಅವಳು ಹಂಡೆಯ ಒಲೆಗೆ ತುರುಕಿದ್ದಳು. ಒಂದರ ಕಚ್ಚಿಗೆ ದುಪಟ್ಟಾದ ನೂಲು ಸಿಕ್ಕಿಕೊಂಡಿತ್ತು. ಕಟ್ಟಿಗೆಯವನು ಯಾಕೆ ಹೀಗೆ ಕೊಯ್ದಿದ್ದಾನೆ ಎಂದು ಬೈದುಕೊಂಡು ನೂಲು ಬಿಡಿಸಿದ್ದಳು.

ಕೈಯಲ್ಲಿದ್ದ ಸೀಟು ನೆಲಕ್ಕೆ ಬಿತ್ತು.

"ನೀನು ಯಾವ ಲಾರಿಗೂ ದಿಮ್ಮಿ ಕೊಟ್ಟಿರ್ಲಿಲ್ಲ."

"ಕೊಟ್ಟಿದ್ದೆ."

"ಸುಳ್ಳು."

"ಕೊಟ್ಟಿದ್ದೆ ನಾಜಿಯಾ. ಒಳಗೆ ಹೋಗು."

"ಅಬ್ಬಾನ ಆಣೆ ಮಾಡಿ ಹೇಳು."

ಅವನಿಗೆ ಆಗಲಿಲ್ಲ. ಗರಗಸ ಕೆಳಗಿಟ್ಟು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಆಮೇಲೆ, ಕೇಳಿಸದಷ್ಟು ಮೆಲ್ಲಗೆ, ಎಲ್ಲವನ್ನೂ ಹೇಳಿದ. ಹಿಂದಿನ ದಿನ ಗಾಡಿ ಇಳಿಸಿ ದಿಮ್ಮಿಗಳನ್ನು ಅಂಗಳದ ಗೋಡೆಗೆ ಒರಗಿಸಿದ್ದರು. ಬೆಳಿಗ್ಗೆ ಸ್ನಾನ ಮಾಡಿ ಬಂದ ಉಸ್ತಾದರು ಹುಡುಕಿದರು, ಸಿಗಲಿಲ್ಲ. ಬೋಲ್ಟ್ ತರಲು ಇವನನ್ನು ಪೇಟೆಗೆ ಕಳಿಸಿದರು. ಇವನು ವಾಪಸ್ ಬರುವಷ್ಟರಲ್ಲಿ... ಜನರೆಲ್ಲ ಗಾಡಿ ಎತ್ತಿ ಅವರನ್ನು ಆಸ್ಪತ್ರೆಗೆ ಒಯ್ದ ಮೇಲೆ ಕೈ ತೊಳೆಯಲೆಂದು ಬಚ್ಚಲಿಗೆ ಹೋದ. ಒಲೆಯಲ್ಲಿ ಅರ್ಧ ಸುಟ್ಟ ದಿಮ್ಮಿ ಇತ್ತು, ಕಚ್ಚಿನ ಸಮೇತ. ಅದನ್ನು ಎಳೆದು ನೀರು ಸುರಿದು, ಚೀಲದಲ್ಲಿ ಸುತ್ತಿ ಹೊರಗೆ ಒಯ್ದು ಎಸೆದ.

"ಯಾಕೆ?" ಅವಳ ದನಿ ಅವಳದಾಗಿರಲಿಲ್ಲ. "ಊರೆಲ್ಲ ಉಗೀತು. ನಾನೂ ಉಗಿದೆ. ಯಾಕೆ ಸುಮ್ಮನಿದ್ದೆ?"

"ನನ್ನ ಮೇಲೆ ಸಿಟ್ಟಿದ್ರೆ ನೀನು ಎರಡು ತುತ್ತು ಉಣ್ತೀಯ, ಮಲಗ್ತೀಯ. ನಿನ್ನ ಮೇಲೇ ಸಿಟ್ಟಾದ್ರೆ ಉಣ್ಣಲ್ಲ. ಅಷ್ಟೇ ನನಗೆ ತೋಚಿದ್ದು."

"ಅಮ್ಮಿಗೆ ಗೊತ್ತಾ?"

"ನಾನು ಹೇಳಿಲ್ಲ. ಆದ್ರೆ ಅವತ್ತಿಂದ ನಿನ್ನ ಕೈಲಿ ಒಲೆಗೆ ಒಂದು ಕಡ್ಡಿನೂ ಇಡಿಸಿಲ್ಲ ಅವರು."

ನಾಜಿಯಾ ಅಲ್ಲೇ, ಎಣ್ಣೆ ಕುಡಿದ ಆ ನೆಲದ ಮೇಲೆ ಕುಸಿದು ಕೂತಳು. ಕೊಂದದ್ದು ತಾನಾ? ತನ್ನ ಅಬ್ಬಾನ್ನ... ಬೆನ್ನುನೋವಿಗೆಂದು ನೀರು ಕಾಯಿಸಿ?

"ನನ್ನ ತಪ್ಪಲ್ವಾ ಇದು? ಹೇಳು!"

"ನೀರು ಕಾಯಿಸಿದ್ದು ನೀನು. ಆತುರ ಮಾಡಿ ಜಾಕ್ ನಂಬಿದ್ದು ಅವರು. ಪೇಟೆಲಿ ಚಹಾಕ್ಕೆ ನಿಂತಿದ್ದು ನಾನು." ಅವನ ಕಣ್ಣೂ ತುಂಬಿತ್ತು. "ಯಾರ ತಪ್ಪು ಅಂತ ಹೇಳ್ಲಿ?"

ಅವನು ಹೆದರಿದ್ದೇ ಆಯಿತು. ಅವಳು ಊಟ ಬಿಟ್ಟಳು. ಒಲೆ ಕಂಡರೆ ಮುಖ ತಿರುಗಿಸುತ್ತಿದ್ದಳು. ಗುಲ್ಷನ್ ಬೀ ಏನೂ ಕೇಳಲಿಲ್ಲ. ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ನಿಮ್ಮ ಅಬ್ಬಾ ಅವತ್ತು ನೀರು ಎಷ್ಟು ಹಿತವಾಗಿತ್ತು ಅಂತ ಹೊಗಳಿಕೊಂಡೇ ಬಟ್ಟೆ ಹಾಕಿಕೊಂಡಿದ್ದರು ಎಂದಷ್ಟೇ ಹೇಳಿದರು. ಅದನ್ನು ಕೇಳಿ ನಾಜಿಯಾ ಗಂಟಲು ಹರಿಯುವ ಹಾಗೆ ಅತ್ತಳು. ಅತ್ತ ಮೇಲೆ ಅಮ್ಮಿಯ ಕೈಯಿಂದ ಸ್ವಲ್ಪ ಗಂಜಿ ಕುಡಿದಳು.

ಇಫ್ತಿಕಾರ್ ದಿನಾ ಬಂದು ಗ್ಯಾರೇಜಿನ ಮೆಟ್ಟಿಲ ಮೇಲೆ ಕೂತು, ಬಸ್ಸಿನ ಹೊತ್ತಿಗೆ ಎದ್ದು ಹೋಗುತ್ತಿದ್ದ. ಸುತ್ತಿಗೆ ಮುಟ್ಟುತ್ತಿರಲಿಲ್ಲ. ಗಾಡಿ ಮುಗಿಯದಿದ್ದರೆ ಅವಳು ಮೊಳಕಾಲ್ಮೂರಿಗೆ ಹೋಗುವುದಿಲ್ಲ ಎಂಬ ಆಸೆಯೋ, ಆ ಜಾಗದಲ್ಲಿ ಮಲಗುವ ಭಯವೋ, ಅವನಿಗೇ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ಪರದೆ ಸರಿಯಿತು. ನಾಜಿಯಾ ಚಹಾ ತಂದಿದ್ದಳು. ಮುಖ ಬಾಡಿತ್ತು, ಕಣ್ಣು ಬಾತಿತ್ತು. ಲೋಟ ಅವನ ಕೈಗೇ ಕೊಟ್ಟಳು.

ಆಮೇಲೆ ಸೀದಾ ಹೋಗಿ ಒಂದು ದಿಮ್ಮಿಯನ್ನು ಎರಡೂ ಕೈಯಲ್ಲಿ ಎತ್ತಿದಳು. ಭಾರಕ್ಕೆ ಸೊಂಟ ಬಗ್ಗಿತು. ಅವನು ಓಡಿ ಬಂದು ಹಿಡಿಯಲು ಹೋದಾಗ ತಲೆಯಾಡಿಸಿದಳು.

"ನಾನೇ ಇಡ್ತೀನಿ. ಎಲ್ಲಿಡ್ಬೇಕು ಅಂತ ತೋರಿಸ್ರಿ."

ತೋರಿಸ್ರಿ... ತಿಂಗಳುಗಳಾದ ಮೇಲೆ ಅವಳ ಬಾಯಲ್ಲಿ ಮರ್ಯಾದೆಯ ಮಾತು ಕೇಳಿ ಇಫ್ತಿಕಾರ್ ಹಿಂದೆ ಸರಿದು ಜಾಗ ತೋರಿಸಿದ.

ಅವನು ಜಾಕ್ ಎತ್ತಿದ. ಅವಳು ಒಂದೊಂದೇ ದಿಮ್ಮಿ ತಂದು ಚಾಸಿಯ ಕೆಳಗೆ ನಿಲ್ಲಿಸಿದಳು, ಕಚ್ಚು ಸರಿಯಾಗಿ ಕೂರುವ ಹಾಗೆ. ಪ್ರತಿಯೊಂದನ್ನೂ ಅಲುಗಿಸಿ ನೋಡಿದಳು. ಕೊನೆಯದರ ಪಕ್ಕ ನೆಲದಲ್ಲೇ ಕೂತು ಅದರ ಮೇಲೆ ಅಂಗೈ ಊರಿದಳು.

"ಈಗ ಹೋಗ್ರಿ."

"ಭಯ ಆಗ್ತೈತೆ," ಎಂದ ಅವನು.

"ನನಗೂ ಆಗ್ತೈತೆ. ಇಲ್ಲೇ ಇರ್ತೀನಿ, ಹೋಗ್ರಿ."

ಅವನು ಬಿಸ್ಮಿಲ್ಲಾ ಎಂದು ಬೆನ್ನ ಮೇಲೆ ಜಾರಿ ಒಳಗೆ ಹೋದ. ಈಗ ಅವಳಿಗೆ ಕಾಣುತ್ತಿದ್ದುದು ಅವನ ಪಾದಗಳಷ್ಟೇ. ಅವತ್ತು ಅಬ್ಬಾನದೂ ಅಷ್ಟೇ ಕಂಡಿತ್ತು. ಅವಳು ತುಟಿ ಕಚ್ಚಿಕೊಂಡಳು, ಕೈ ಮಾತ್ರ ತೆಗೆಯಲಿಲ್ಲ.

"ಇಫ್ತಿಕಾರ್..."

"ಹ್ಞೂಂ?"

"ಮೊಳಕಾಲ್ಮೂರಿಗೆ ಬರ್ತೀರಾ?"

ಸ್ಪ್ಯಾನರಿನ ಸದ್ದು ನಿಧಾನವಾಯಿತು. "ಗಾಡಿ ಓಡಿಸ್ಕೊಂಡು ಬರ್ಬೇಕಲ್ಲ."

"ಅದಕ್ಕಲ್ಲ. ರಫೀಕ್ ಮಾಮಾನ ಹತ್ರ ಮಾತಾಡೋಕೆ."

"ಏನಂತ?"

"ಅಬ್ಬಾ ಕೊಟ್ಟ ಮಾತು ಹಂಗೇ ಐತೆ ಅಂತ. ನನಗೆ ನೀವು ಬೇಕು ಅಂತ." ಅವಳ ದನಿ ಒಡೆಯಿತು. "ಇದನ್ನ ನಾನೊಬ್ಳೇ ಹೊರೋಕಾಗಲ್ಲ."

ಸ್ಪ್ಯಾನರ್ ನಿಂತೇ ಹೋಯಿತು. ಕೆಳಗಿನಿಂದ ಮೂಗೆಳೆದುಕೊಂಡ ಸದ್ದಷ್ಟೇ ಬಂತು.

"ನಾಜಿಯಾ..."

"ಹೇಳ್ರಿ."

"ದಿಮ್ಮಿ ಸರಿಯಾಗಿ ಕೂತೈತಾ?"

"ಕೂತೈತೆ. ಕೈ ಇಟ್ಕೊಂಡೇ ಇದೀನಿ. ನಿಧಾನಕ್ಕೆ ಮುಗಿಸ್ರಿ."